ಧಾರಾವಾಹಿಯ ಬಿಳಿ ಸೊಸೆ, ನಮ್ಮ ಮನೆಯ ಕರಿ ಅಳಿಯ

ಟೀವಿ ಧಾರಾವಾಹಿಯಲ್ಲಿ ಪರದೇಶದ ಹುಡುಗಿಯೊಬ್ಬಳು ಕನ್ನಡದ ಸೊಸೆಯಾಗಲು ಎರಡು ವಾರ ಸಾಕು. ಮೊದಲ ವಾರ ಚಪ್ಪಲಿ ಹಾಕಿಕೊಂಡೇ ತುಳಸಿಕಟ್ಟೆ ಸುತ್ತುತ್ತಾಳೆ. ಎರಡನೆಯ ವಾರ ಇಳಕಲ್ ಸೀರೆ ಉಟ್ಟು, ನಮ್ಮ ಓಣಿಯ ಯಾವ ಹೆಂಗಸಿಗೂ ಬಾರದಷ್ಟು ದುಂಡಗೆ ರೊಟ್ಟಿ ಬಡಿಯುತ್ತಾಳೆ. ನಾನು ಯಲಬುರ್ಗಾದಲ್ಲಿ ಹುಟ್ಟಿ ಇಪ್ಪತ್ನಾಲ್ಕು ವರ್ಷವಾಯಿತು. ನಾನು ಬಡಿದ ರೊಟ್ಟಿಯನ್ನು ನಮ್ಮ ಎಮ್ಮೆಯೂ ಒಮ್ಮೆ ಮೂಸಿ ನೋಡಿಯೇ ತಿನ್ನುತ್ತದೆ.

ಈ ಸೊಸೆಯ ಬಗ್ಗೆ ಮಾತಾಡುವ ಹಕ್ಕು ನನಗಿದೆ, ಏಕೆಂದರೆ ಆರು ತಿಂಗಳು ನಾನೇ ಆಕೆಯಾಗಿದ್ದೆ. ನಾನು ಮಂದಿಯ ದನಿ ಕದಿಯುವವ. ಕಂಡಕ್ಟರ್ ಮೂಗಿನಿಂದ “ಕುಕನೂರ್, ಕೊಪ್ಪಳ” ಎಂದು ಕರೆಯುವುದು, ನಮ್ಮ ಹೆಡ್‌ಮಾಸ್ತರರು ಬೈಯುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಎಲ್ಲ ನನ್ನ ಹತ್ತಿರ ಇದೆ. ನನ್ನ ಸ್ವಂತ ದನಿಯಲ್ಲಿ ಏನಾದರೂ ಹೇಳಿದರೆ ಮಾತ್ರ ಮನೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಸಂಜೆ ಏಳಕ್ಕೆ ಅವ್ವ ಮತ್ತು ಪಕ್ಕದ ಮನೆಯ ಖಾಲಾ ಟೀವಿಯ ಮುಂದೆ ಕೂತರೆ, ಜಾಹೀರಾತು ಬಂದಾಗ ನನ್ನ ಪಾಳಿ. “ಅಟ್ಟೇ, ನಾನೂ ನಿಮ್ಮ ಮಗಲೇ” ಎಂದು ಆ ಸೊಸೆ ಲಿಂಡಾಳ ದನಿಯಲ್ಲಿ ಅಂದರೆ ಅವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಒಂದು ದಿನ ಧಾರಾವಾಹಿಯ ಅತ್ತೆ ಲಿಂಡಾಳ ಮುಖದ ಮೇಲೇ ಬಾಗಿಲ ಅಗಳಿ ಹಾಕಿಕೊಂಡಳು. ಅವ್ವ ಎದ್ದು ನಿಂತು ಟೀವಿಯನ್ನೇ ಬೈಯತೊಡಗಿದಳು: “ಏನ ಕಲ್ಲೆದಿ ಐತಿ ನಿಂದು! ತಗಿ ಬಾಗ್ಲಾ! ಪರದೇಶದ ಕೂಸು ಬಿಸಿಲಾಗ ನಿಂತೈತಿ!”

ಖಾಲಾ ಅಡಕೆ ಕತ್ತರಿಸುತ್ತ ಅಂದಳು: “ಬೆಳ್ಳಗ ಐತಿ ನೋಡ ಶಂಕ್ರವ್ವ, ಅದಕ್ಕ ನಿನಗ ಕೂಸಿನಂಗ ಕಾಣತೈತಿ.”

ಅವ್ವ ಟೀವಿಯ ಸದ್ದು ಏರಿಸಿದಳು.

ಕಾರಣ ಓಣಿಗೇ ಗೊತ್ತು. ಪುಣೆಯಲ್ಲಿ ನರ್ಸ್ ಆಗಿರುವ ನನ್ನ ಅಕ್ಕ ರೇಣುಕಾ, ಕೀನ್ಯಾದಿಂದ ಔಷಧದ ಓದಿಗೆ ಬಂದು ಅಲ್ಲೇ ನಿಂತ ಡೇನಿಯಲ್‌ನನ್ನು ಎರಡು ವರ್ಷದ ಹಿಂದೆ ರಿಜಿಸ್ಟರ್ ಮದುವೆಯಾದಳು. ಅಂದಿನಿಂದ ಅವ್ವ ಅವಳ ಫೋನ್ ಎತ್ತಿಲ್ಲ. ನಾನು ಇಷ್ಟು ಧಾರಾವಾಹಿ ನೋಡಿದ್ದೇನೆ, ಡೇನಿಯಲ್‌ನಂಥ ಅಳಿಯ ಒಂದರಲ್ಲೂ ಹೊಸ್ತಿಲು ತುಳಿದಿಲ್ಲ. ಸಮುದ್ರ ದಾಟಿ ಬರುವ ಪ್ರೀತಿ ಅಲ್ಲಿ ಯಾವಾಗಲೂ ಹಾಲಿನ ಬಣ್ಣದ್ದು. ಕರೆತರುವವನೂ ನಮ್ಮ ಹುಡುಗನೇ. ನಮ್ಮ ಹುಡುಗಿಗೆ ಆ ಪಾತ್ರವಿಲ್ಲ. ಡೇನಿಯಲ್‌ನ ಬಣ್ಣದವರು ಬಂದರೆ ಖಳನ ಹಿಂದೆ ಕೈಕಟ್ಟಿ ನಿಲ್ಲಲು ಬರುತ್ತಾರೆ. ಇತ್ತ ಇಟಗಿಯ ಮಹಾದೇವನನ್ನು ನೋಡಿ. ಮೈಗೆ ಬೂದಿ, ಕೊರಳಿಗೆ ಹಾವು. ಅಂಥ ಮದುಮಗನನ್ನು ಕಂಡು ಹೆಣ್ಣಿನ ತಾಯಿ ಎಚ್ಚರ ತಪ್ಪಿ ಬಿದ್ದಳಂತೆ. ಈಗ ಕರಿ ಕಲ್ಲಾಗಿ ನಿಂತ ಆ ಅಳಿಯನಿಗೆ ಅವ್ವ ವರ್ಷವೂ ಹಣ್ಣುಕಾಯಿ ಮಾಡಿಸುತ್ತಾಳೆ. ದೇವರಾದರೆ ಬಣ್ಣ ಕಾಣುವುದಿಲ್ಲವೋ ಏನೋ.

ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ಆದರೆ ತವರಿನವರು ಕರೆಯಬೇಕು. ಕರೆಯದೆ ಬರುವ ಮಗಳಿಲ್ಲ. ಅಕ್ಕನ ಎರಡು ಪಂಚಮಿ ಹಾಗೇ ಹೋಗಿದ್ದವು. ಟೀವಿಯ ಮುಂದೆ ಅವ್ವ “ತಗಿ ಬಾಗ್ಲಾ” ಎಂದು ಚೀರಿದ್ದನ್ನು ಕೇಳಿ, ಇವಳ ಎದೆ ಕರಗಿದೆ ಎಂದು ನಾನೇ ತೀರ್ಪು ಬರೆದೆ. ಹಿತ್ತಲಿಗೆ ಹೋಗಿ, ಅವ್ವನ ದನಿ ತೆಗೆದು, ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ಅಕ್ಕನಿಗೆ ಕಳಿಸಿದೆ: “ರೇಣಿ, ಪಂಚಮಿಗೆ ಬಾರವಾ. ಅವರನ್ನೂ ಕರ್ಕೊಂಡು ಬಾ.”

ನನ್ನ ಕಸಬು ಗೊತ್ತಿದ್ದೂ ಅಕ್ಕ ಹೇಗೆ ನಂಬಿದಳು ಎಂದು ನೀವು ಕೇಳಬಹುದು. ಎರಡು ವರ್ಷ ಕಾದ ಕಿವಿ ಅನುಮಾನ ಪಡುವುದಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಬಂದರು. ಡೇನಿಯಲ್ ಬಾಗಿ ನಮಸ್ಕರಿಸಿ, “ಅವ್ವಾರ, ಆರಾಮ ಅದೀರೇನ್ರಿ?” ಅಂದ. ಲಿಂಡಾ ಆರು ತಿಂಗಳಾದರೂ ಕಲಿಯದ ಕನ್ನಡ. ಅವ್ವ ಅಗಳಿ ಹಾಕಲಿಲ್ಲ, ಚೀರಲಿಲ್ಲ. ಟೀವಿಯವರಿಗೆ ಗೊತ್ತಿಲ್ಲದ್ದು ಇದೇ. ಚಾಪೆ ಹಾಸಿದಳು, ನೀರು ಕೊಟ್ಟಳು, ಚಹಾ ಕೊಟ್ಟಳು. ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದಳು: “ಏನ್ ಬಂದ್ರಿ?”

ಹೆತ್ತ ಮಗಳಿಗೆ ‘ರಿ’!

ಅಕ್ಕ ನಗುತ್ತಲೇ, “ಹಿಂಗ್ಯಾಕ ಅಂತಿ ಯವ್ವಾ, ನೀನ ಕರದಿಯಲ್ಲ” ಎಂದು ಫೋನ್ ತೆಗೆದು ಕೇಳಿಸಿದಳು. ಅವ್ವ ತನ್ನ ದನಿಯನ್ನು ತಾನೇ ಕೊನೆಯವರೆಗೂ ಕೇಳಿ, ನನ್ನ ಮುಖ ನೋಡಿದಳು.

“ಇದು ನಾನಲ್ಲ.”

ಡೇನಿಯಲ್‌ಗೆ ತಿಳಿಯಲಿಲ್ಲ, ಇನ್ನೂ ನಗುತ್ತಿದ್ದ. ಅಕ್ಕ ಕಿವಿಯಲ್ಲಿ ಏನೋ ಹೇಳಿದ ಮೇಲೆ ಚಹಾದ ಕಪ್ಪನ್ನು ಸದ್ದಾಗದಂತೆ ನೆಲಕ್ಕಿಟ್ಟ. ಮೂರರ ಬಸ್ಸಿಗೆ ಹೊರಟರು. ಬಸ್ಸು ಹತ್ತುವಾಗ ಅಕ್ಕ ನನಗೆ ಅಂದದ್ದು ಇಷ್ಟೇ: “ಭಾಳ ಛಲೋ ಮಾಡಿದ್ಯೋ ತಮ್ಮಾ. ಥೇಟ್ ಅವ್ವ.” ಇಷ್ಟು ದೊಡ್ಡ ಹೊಗಳಿಕೆ ನನಗೆ ಯಾರಿಂದಲೂ ಸಿಕ್ಕಿಲ್ಲ.

ಆಮೇಲೆ ಅವ್ವ ಧಾರಾವಾಹಿ ನೋಡುವುದನ್ನು ಬಿಟ್ಟಳು. ಏಳಕ್ಕೆ ಖಾಲಾ ಬಂದರೆ “ಟೀವಿ ಕೆಟ್ಟೈತಿ” ಅನ್ನುತ್ತಾಳೆ. ಖಾಲಾಳಿಗೆ ಗೊತ್ತು ಕೆಟ್ಟಿಲ್ಲವೆಂದು. ಆದರೂ ಕೂತು ಅಡಕೆ ಕತ್ತರಿಸಿ ಹೋಗುತ್ತಾಳೆ.

ಶ್ರಾವಣ ಮುಗಿದ ಮೇಲೆ ಒಂದು ಮುಂಜಾನೆ ಅವ್ವ ತನ್ನ ಸಣ್ಣ ಬಟನ್ ಫೋನ್ ಹಿಡಿದು, ಯಾರನ್ನೂ ಕೇಳದೆ ಹತ್ತೂ ಅಂಕಿ ಒತ್ತಿದಳು. ಬಾಯಿಪಾಠವಾಗಿತ್ತು.

“ರೇಣಿ, ನಾ ಅವ್ವ. ಅವರು ಚಾ ಅರ್ಧಕ್ಕ ಬಿಟ್ಟು ಹೋದ್ರು. ಇಬ್ರೂ ಬರ್ರೆವಾ.”

ಆ ಕಡೆಯಿಂದ ಅಕ್ಕನ ದಣಿದ ದನಿ ನನಗೂ ಕೇಳಿಸಿತು: “ಸಾಕು ಬಿಡೋ ತಮ್ಮಾ.” ಫೋನ್ ಕಟ್ಟಾಯಿತು.

“ಯಾರಿಗಂದ್ಲಿದು?” ಅವ್ವ ಕೇಳಿದಳು. “ನನಗ. ಮತ್ತ ನಾನ ನಿನ್ನ ದನಿ ತಗದೀನಿ ಅಂದ್ಕೊಂಡಾಳ” ಎಂದೆ. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮೊದಲಿನಿಂದ ಮತ್ತೆ ಒಂದೊಂದೇ ಅಂಕಿ ಒತ್ತತೊಡಗಿದಳು. ನಾನು ಎದ್ದು ಅಂಗಳ ದಾಟಿ ಓಣಿಯ ತುದಿಗೆ ಹೋಗಿ ನಿಂತೆ. ಅಕ್ಕನಿಗೆ ಹಿಂದಿನಿಂದ ನನ್ನ ಉಸಿರೂ ಕೇಳಬಾರದು ನೋಡಿ.