ಮೌಸಿಗೆ ಹಚ್ಚಿದ ದೀಪ

ಇವತ್ತು ಮಧ್ಯಾಹ್ನ ಮೂರಕ್ಕೆ ಬೆಂಕಿಕಡ್ಡಿ ಗೀರಿದ ಸದ್ದಿಗೆ ಎಚ್ಚರಾಯಿತು. ಯಜಮಾನರು ಕಂಪ್ಯೂಟರಿನ ಎರಡೂ ಬದಿಗೆ ಎಣ್ಣೆದೀಪ ಹಚ್ಚಿಟ್ಟು, ಹಳೆಯ ಗೇಮ್ ರಿಮೋಟನ್ನು ಗಾಳಿಯಲ್ಲಿ ಆಡಿಸುತ್ತಿದ್ದರು. ಪರದೆಯ ಮೇಲೆ ಬಾಣ ಓಡುತ್ತಿತ್ತು.

"ನಾಳೆಯಿಂದ ಮನೇಲೇ ಆಫೀಸು ಶುರು ಅಲ್ವೇನೆ? ಪಾಪು ಮಡಿಲಲ್ಲೇ ಇರಲಿ, ಇದೇ ನಿನ್ನ ಮೌಸು. ದೀಪದ ಇನ್‌ಫ್ರಾರೆಡ್ ನೋಡಿಯೇ ಇದಕ್ಕೆ ದಿಕ್ಕು ತಿಳಿಯೂದು."

ಪಾಪು ದೀಪವನ್ನೇ ದಿಟ್ಟಿಸುತ್ತಿತ್ತು. ಕಣ್ಣಿಗೆ ಕಾಣದ ಕಿರಣ ಎಂದರೆ ನನಗೆ ಭಯ. ಎರಡನ್ನೂ ಊದಿಬಿಟ್ಟೆ.

ಅತ್ತೆ ಬಾಗಿಲಲ್ಲೇ ನಿಂತರು. "ದೀಪ ಬಾಯಿಂದ ಊದ್ತಾರೇನೆ?"

"ಅದು ಮೌಸಿಂದು, ಅತ್ತೆ. ಪಾಪುವಿನ ಕಣ್ಣಿಗೆ ಏನಾದ್ರೂ ಆದ್ರೆ?"

"ಊರಿನ ಹಳೇ ಮನೇಲಿ ನಿನ್ನ ಗಂಡನ್ನ ಒಲೆ ಎದುರೇ ಮಲಗಿಸ್ತಿದ್ದೆ. ಅವನ ಕಣ್ಣಿಗೆ ಏನಾಯ್ತು?"

ಯಜಮಾನರು ದಪ್ಪ ಕನ್ನಡಕ ತೆಗೆದು ಒರೆಸತೊಡಗಿದರು.

ಗೆಳತಿಯರೇ, ಈ ದೀಪದಿಂದ ಮಗುವಿನ ಕಣ್ಣಿಗೆ ತೊಂದರೆಯಿದೆಯೋ ಇಲ್ಲವೋ, ತಿಳಿದವರು ದಯವಿಟ್ಟು ಬೆಳಗಾಗುವುದರೊಳಗೆ ಫೋನ್ ಮಾಡಿ. ಎಷ್ಟು ಹೊತ್ತಾದರೂ ಸರಿ, ನಾನು ಎದ್ದೇ ಇರುತ್ತೇನೆ.