ಎರಡನೇ ಚಾನೆಲ್‌ನಲ್ಲಿ ಅವ್ವ

ಒಂದು ವಾರವಾಯಿತು, ನಾನು ಹೆಡ್‌ಫೋನ್ ಮುಟ್ಟಿಲ್ಲ. ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕ ಬಿದ್ದುಕೊಂಡಿದೆ. ಧೂಳು ಒರೆಸುವಾಗಲೂ ಅದನ್ನು ಬಿಟ್ಟು ಸುತ್ತಮುತ್ತ ಒರೆಸುತ್ತೇನೆ. ಹೆದರಿಕೆ!

ನಗಬೇಡಿ. ಹಲ್ಲಿಗೆ ಹೆದರುವವರಿದ್ದಾರೆ, ಲಿಫ್ಟಿಗೆ ಹೆದರುವವರಿದ್ದಾರೆ. ನನಗೆ ಕಿವಿಗೆ ಹಾಕುವ ಈ ಸಾಮಾನು ಕಂಡರೆ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಮೊದಲಿನಿಂದಲೇ ಹೇಳಬೇಕು.

ನನ್ನ ಅವ್ವ ಸೋಬಾನೆ ಹಾಡುವವಳು. ಮದುವೆಮನೆಯಲ್ಲಿ ಹೆಂಗಸರು ಒಟ್ಟಿಗೆ ಕೂತು ಹಾಡುವ ಹಾಡು ಅದು. ಒಬ್ಬಳು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಸುಳ್ಯದ ಆಚೆ ಈಚೆ ಎಲ್ಲಿ ಮದುವೆಯಿದ್ದರೂ ಎತ್ತಿಕೊಡಲು ಅವ್ವನೇ ಆಗಬೇಕಿತ್ತು. ಎರಡು ವರ್ಷದ ಹಿಂದೆ "ಕೆಮ್ಮು ಬರ್ತದೆ, ನೀನೇ ಎತ್ತು" ಅಂತ ತಂಗಿಗೆ, ಅಂದರೆ ಲೀಲಾ ಚಿಕ್ಕಮ್ಮನಿಗೆ, ಆ ಕೆಲಸ ಬಿಟ್ಟುಕೊಟ್ಟಳು. ಈಗ ಪಕ್ಕದಲ್ಲಿ ಕೂತು ಜೊತೆ ಕೊಡುತ್ತಾಳೆ. (ಮನೆಯಲ್ಲಿ ನಾವು ಆಡುವುದು ನಮ್ಮ ಸುಳ್ಯದ ಕಡೆಯ ಅರೆಭಾಷೆ. ನಿಮಗೋಸ್ಕರ ಇಲ್ಲಿ ಸ್ವಲ್ಪ ಕನ್ನಡ ಮಾಡಿದ್ದೇನೆ. ಅವ್ವ ಓದಿದರೆ ಬೈಯುತ್ತಾಳೆ.)

ಅವಳಿಗೆ ಈಗ ಎಪ್ಪತ್ತಮೂರು. ಆ ಹಾಡುಗಳು ಯಾವ ಪುಸ್ತಕದಲ್ಲೂ ಇಲ್ಲ, ಅವಳ ತಲೆಯಲ್ಲಿವೆ. ನಾನು ಬಾಯಿ ತೆರೆದರೆ ಅಂಗಳದ ಕೋಳಿ ಓಡುತ್ತದೆ. ಹಾಗಾದರೆ ಅವಳ ನಂತರ?

ಕಡಬದ ಒಂದು ಮದುವೆಯಲ್ಲಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮನೆಗೆ ಬಂದು ಕೇಳಿದರೆ ಸೌಟಿನ ಸದ್ದು, ಮಕ್ಕಳ ಅಳು, "ಪಾಯಸ ಎಲ್ಲಿ ಮಾರಾಯ್ರೆ" ಅನ್ನುವ ಒಬ್ಬರ ಗಂಟಲು. ಅವ್ವ ಎಲ್ಲಿದ್ದಾಳೆ ಅಂತ ಹುಡುಕಿದರೂ ಸಿಗಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ, ಮನೆಯಲ್ಲೇ ಸರಿಯಾಗಿ ರೆಕಾರ್ಡ್ ಮಾಡುವುದು, ನಾಲ್ಕು ಜನಕ್ಕೆ ನಾಲ್ಕು ಮೈಕ್.

ಅದಕ್ಕೆ ಬೇಕಾದದ್ದು ಆಡಿಯೋ ಇಂಟರ್‌ಫೇಸ್ ಅನ್ನುವ ಡಬ್ಬ. ಮೈಕ್‌ಗಳಿಗೂ ಲ್ಯಾಪ್‌ಟಾಪಿಗೂ ನಡುವೆ ಕೂರುತ್ತದೆ. ಒಂದೊಂದು ಮೈಕಿನ ಸ್ವರವನ್ನು ಒಂದೊಂದು ಚಾನೆಲ್‌ನಲ್ಲಿ ಬೇರೆಯಾಗಿಯೇ ಇಡುತ್ತದೆ. ಎಷ್ಟು ಚಾನೆಲ್‌ನದ್ದು? ಯಾವುದು ಅಗ್ಗ? ಒಂದು ತಿಂಗಳು ಮೊಬೈಲ್‌ನಲ್ಲಿ ವಿಡಿಯೋ ನೋಡಿದೆ. ಒಬ್ಬ ಎರಡು ಸಾಕು ಅನ್ನುತ್ತಾನೆ, ಇನ್ನೊಬ್ಬ ಎಂಟಿಲ್ಲದಿದ್ದರೆ ಜೀವನವೇ ವ್ಯರ್ಥ ಅನ್ನುತ್ತಾನೆ. ನಡುವೆ ಫ್ಯಾಂಟಮ್ ಪವರ್ ಅಂತ ಒಂದು ಬಂತು. ನಲವತ್ತೆಂಟು ವೋಲ್ಟ್ ಮೈಕ್‌ವರೆಗೆ ಹೋಗುತ್ತದಂತೆ. ಅಯ್ಯೋ ದೇವರೇ, ಅವ್ವನ ಮೂತಿಗೆ ಶಾಕ್ ಹೊಡೆದರೆ?

ಪುತ್ತೂರಿಗೆ ಹೋದೆ. ಅಲ್ಲಿ ಹಮೀದಾಕನ ಅಂಗಡಿ ಉಂಟಲ್ಲ, ಮೈಕ್ ಸೆಟ್ ಬಾಡಿಗೆಗೂ ಕೊಡುತ್ತಾರೆ, ಮಾರುತ್ತಾರೆ ಕೂಡ. ನಾಲ್ವರ ಸೋಬಾನೆಗೆ ನಾಲ್ಕು ಮೈಕ್ ಬೇಕು ಅಂತ ಹೇಳಿ ನಾನು ಮೊಬೈಲ್ ತೆಗೆದು, ನೋಡಿಟ್ಟಿದ್ದ ಅಗ್ಗದ ಎಂಟು ಇನ್‌ಪುಟ್‌ನದ್ದನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಅಕ್ಕಾ, ಡಬ್ಬದ ಮೇಲೆ ಬರೆದದ್ದು ಓದ್ಬೇಡಿ. ತೂತು ಲೆಕ್ಕ ಮಾಡಿ. ಮೈಕ್ ಹಾಕುವ ತೂತು ಎಷ್ಟುಂಟು?"

ಎಣಿಸಿದೆ. ಎರಡು! ಉಳಿದದ್ದೆಲ್ಲ ಕೀಬೋರ್ಡಿಗೆ, ಮತ್ತೆಂತದೋ ಡಿಜಿಟಲ್ ವಯರಿಗೆ. ಇವರಲ್ಲಿ ಬಾರದೆ ಆನ್‌ಲೈನ್‌ನಲ್ಲಿ ಆರ್ಡರ್ ಒತ್ತಿದ್ದರೆ ನನ್ನ ಕಥೆ ಏನಾಗುತ್ತಿತ್ತು?

"ಶಾಕ್ ಹೊಡಿಯುದಿಲ್ವಾ?" ಕೇಳಿದೆ.

"ನಾನು ಕೊಡುವ ಮೈಕಿಗೆ ಆ ಪವರ್ ಬೇಡ್ವೇ ಬೇಡ. ಸ್ಟೇಜಲ್ಲಿ ಹಿಡಿಯುವ ಮೈಕ್. ಆ ಬಟನ್ ಒತ್ತದಿದ್ರೆ ಆಯ್ತು. ಆದ್ರೆ ನಿಮಗೆ ನಾಲ್ಕು ಎಂತಕ್ಕೆ? ಒಟ್ಟಿಗೆ ಹಾಡುದಲ್ವಾ? ಎರಡು ಮೈಕ್ ನಡುವಲ್ಲಿ ಇಡಿ, ಸಾಕು."

"ಇಲ್ಲ ಇಲ್ಲ, ನನಗೆ ಎಲ್ಲರದ್ದೂ ಬೇರೆ ಬೇರೆ ಕೇಳ್ಬೇಕು. ಶ್ರುತಿ ಹೋದವರದ್ದು ಸಣ್ಣ ಮಾಡ್ಲಿಕ್ಕೆ."

"ಬೇರೆ ಬೇರೆ ಕೇಳಿದ್ರೆ ಯಾರದ್ದೂ ಚಂದ ಇರುದಿಲ್ಲ ಮಾರಾಯ್ರೆ. ನಮ್ಮ ಲೈನಲ್ಲಿ ಎಲ್ಲರಿಗೂ ಗೊತ್ತುಂಟು" ಅಂತ ನಕ್ಕರು. ನಾನು ಹಟ ಬಿಡಲಿಲ್ಲ. ನಾಲ್ಕು ಮೈಕಿನ ತೂತಿರುವ, ಇದ್ದದ್ದರಲ್ಲಿ ಅಗ್ಗದ ಡಬ್ಬ ತೆಗೆದುಕೊಂಡೆ. ಬಸ್ಸಿನಲ್ಲಿ ಸುಳ್ಯದವರೆಗೆ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ. ಪ್ರತಿ ಹೊಂಡಕ್ಕೂ ಜೀವ ಬಾಯಿಗೆ ಬಂತು.

ಭಾನುವಾರ ಮಧ್ಯಾಹ್ನ ನಾಲ್ವರೂ ಚಾವಡಿಯಲ್ಲಿ ಕೂತರು. ಒಂದನೇ ಮೈಕಿಗೆ ಲೀಲಾ ಚಿಕ್ಕಮ್ಮ, ಎರಡನೆಯದಕ್ಕೆ ಅವ್ವ, ಮೂರು ನಾಲ್ಕಕ್ಕೆ ಪಕ್ಕದ ಮನೆಯ ದೇವಕಿ ಅತ್ತೆ ಮತ್ತು ಅವರ ಸೊಸೆ. ಅವ್ವ ಒಳ್ಳೆಯ ಸೀರೆ ಉಟ್ಟಿದ್ದಳು. (ಫೋಟೋ ಅಲ್ಲವ್ವ ಅಂದರೆ ಕೇಳಬೇಕಲ್ಲ.) ಮೂರು ಹಾಡು ಆಯಿತು. ಎಷ್ಟು ಚಂದ ಅಂತೀರಿ! ಕಣ್ಣು ತುಂಬಿ ಬಂತು.

ನಾಲ್ಕನೆಯದು ಶುರುವಾಗುವಾಗ ಘಟ್ಟದ ಕಡೆಯಿಂದ ಗುಡುಗಿತು. "ಪ್ಲಗ್ ತೆಗಿ! ಪ್ಲಗ್ ತೆಗಿ!" ಅಂತ ನಾಲ್ವರೂ ಒಟ್ಟಿಗೆ ಬೊಬ್ಬೆ ಹಾಕಿದರು. ನಮ್ಮ ಊರಿನ ಸಿಡಿಲು ಗೊತ್ತಲ್ಲ? ಟಿವಿ, ಫ್ರಿಜ್, ಮೋಡೆಮ್, ಯಾವುದನ್ನೂ ಬಿಡುವುದಿಲ್ಲ. ಅಡಾಪ್ಟರ್ ಕಿತ್ತೆ. ಹಾಡು ಅಲ್ಲಿಗೆ ನಿಂತಿತು. ಚಹಾ ಕುಡಿದು, ಮಳೆ ಬಿಟ್ಟ ಮೇಲೆ ಅವರು ಹೋದರು.

ಸಂಜೆ ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು. ಹೆಡ್‌ಫೋನ್ ಹಾಕಿಕೊಂಡು ಒಬ್ಬೊಬ್ಬರದ್ದೇ ಕೇಳುತ್ತಾ ಹೋದೆ. ಒಂದನೇ ಚಾನೆಲ್, ಚಿಕ್ಕಮ್ಮ. ಸ್ವರ ಸ್ಪಷ್ಟ. ಪ್ರತಿ ಸಾಲಿನ ಮುಂಚೆ ಏನೋ ಪಿಸುಗುಟ್ಟುತ್ತಾರೆ, ತಾಳ ಎಣಿಸುತ್ತಿರಬೇಕು ಅಂದುಕೊಂಡೆ. ಎರಡನೆಯದಕ್ಕೆ ಬಂದೆ. ಅವ್ವ.

ಸಾಲಿನ ಮೊದಲ ಮಾತು ಸರಿಯಾಗಿತ್ತು. ಕೊನೆಯ ಎರಡು ಅಕ್ಷರ ಸರಿಯಾಗಿತ್ತು. ನಡುವೆ ಮಾತೇ ಇಲ್ಲ. ಬರೀ ಆ... ಊ... ಹಾಂ... ರಾಗ ಕೂದಲೆಳೆಯಷ್ಟೂ ಆಚೆ ಈಚೆ ಆಗಿಲ್ಲ, ಒಂದು ಮಾತೂ ಇಲ್ಲ. ಎರಡನೇ ಹಾಡು ಹಾಕಿದೆ. ಅದೂ ಹಾಗೇ. ಮೂರನೆಯದೂ ಹಾಗೇ.

ನನಗೆ ಸಿಟ್ಟು ಬಂತು. ಅಗ್ಗದ ಸಾಮಾನು ತಂದರೆ ಹೀಗೇ ಆಗುವುದು! ಕೂಡಲೇ ಹಮೀದಾಕನಿಗೆ ಫೋನ್ ಮಾಡಿದೆ.

"ನಿಮ್ಮ ಎರಡನೇ ಚಾನೆಲ್ ಹಾಳು."

"ಸ್ವರ ಬರ್ತದಾ?"

"ಸ್ವರ ಬರ್ತದೆ. ಮಾತು ಬರುದಿಲ್ಲ."



"ಅಕ್ಕಾ... ಮೆಷಿನ್ ಹಾಳಾದ್ರೆ ಸ್ವರವೇ ಹೋಗ್ತದೆ. ಮಾತು ಮಾತ್ರ ಹೋಗುದು ಅಂತ ಇಲ್ಲ. ಆ ಮೈಕಲ್ಲಿ ಯಾರು ಹಾಡಿದ್ದು?"

"ಅವ್ವ" ಅಂದೆ. "ನಿಧಾನ ನೋಡಿ ಅಕ್ಕ" ಅಂದು ಫೋನ್ ಇಟ್ಟರು.

ಪುನಃ ಒಂದನೇ ಚಾನೆಲ್ ಹಾಕಿ ಸೌಂಡ್ ಪೂರ್ತಿ ಏರಿಸಿದೆ. ಚಿಕ್ಕಮ್ಮ ತಾಳ ಎಣಿಸುತ್ತಿರಲಿಲ್ಲ. ಪ್ರತಿ ಸಾಲಿಗೂ ಮುಂಚೆ, ಆ ಸಾಲಿನ ಮೊದಲ ಮಾತನ್ನು ಪಕ್ಕದಲ್ಲಿ ಕೂತ ಅಕ್ಕನಿಗೆ ಹೇಳಿಕೊಡುತ್ತಿದ್ದರು!

ಅಲ್ಲಿಂದ ಒಂದೊಂದೇ ನೆನಪಾಗತೊಡಗಿತು. ಇತ್ತೀಚೆಗೆ ಅವ್ವ ಎಲ್ಲರನ್ನೂ "ಮಗಾ" ಅಂತಲೇ ಕರೆಯುತ್ತಾಳೆ. ವಯಸ್ಸಾದ ಹಾಗೆ ಪ್ರೀತಿ ಜಾಸ್ತಿಯಾಗಿದೆ ಅಂದುಕೊಂಡಿದ್ದೆ. ನೆಂಟರ ಫೋನ್ ಬಂದರೆ "ನೀನೇ ಮಾತಾಡು" ಅಂತ ನನ್ನ ಕೈಗೆ ಕೊಡುತ್ತಾಳೆ. ಕಿವಿ ಮಂದ ಅಂದುಕೊಂಡಿದ್ದೆ. ಕೆಮ್ಮು? ಈ ಎರಡು ವರ್ಷದಲ್ಲಿ ಅವಳು ಕೆಮ್ಮಿದ್ದನ್ನು ನಾನು ಕೇಳಿಯೇ ಇಲ್ಲ.

ಮರುದಿನ ಬೆಳಿಗ್ಗೆ ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ಏನೂ ಗೊತ್ತಿಲ್ಲದವಳ ಹಾಗೆ ಪಕ್ಕದಲ್ಲಿ ಕೂತೆ. "ಅವ್ವ, ನಿನ್ನೆ ಹಾಡಿದ್ದರಲ್ಲಿ ಎರಡು ಸಾಲು ನೀನೊಬ್ಬಳೇ ಹೇಳು, ಬರ್ಕೊಳ್ತೇನೆ."

"ಸೋಬಾನೆ ಯಾರಾದ್ರೂ ಒಬ್ಬಳೇ ಹಾಡ್ತಾರಾ? ನಿನಗೆ ತಲೆ ಸರಿ ಉಂಟಾ?" ಅಂತ ಗದರಿಸಿದಳು. ಎಷ್ಟು ಜೋರು! ನನಗೆ ಒಂದು ಗಳಿಗೆ ಜೀವ ಬಂದ ಹಾಗಾಯಿತು. ಆದರೆ ತುರಿಯುವ ಕೈ ನಿಂತಿತ್ತು. ಅವಳು ನನ್ನ ಮುಖ ನೋಡಲಿಲ್ಲ.

ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಬೇಕು, ಗೊತ್ತು. ನೀವೂ ಅದನ್ನೇ ಹೇಳುತ್ತೀರಿ. ಆದರೆ ಏನಂತ ಹೇಳಿ ಹೊರಡಿಸುವುದು? ಯಾವ ಬಾಯಲ್ಲಿ? ಅಲ್ಲಿ ಡಾಕ್ಟರು "ಇವರು ಯಾರಮ್ಮ?" ಅಂತ ನನ್ನನ್ನು ತೋರಿಸಿ ಕೇಳಿದರೆ, ಅವಳು "ಮಗಾ" ಅಂದು ಸುಮ್ಮನಾದರೆ? ಅದನ್ನು ನೆನೆದೇ ಮೂರು ದಿನ ತಳ್ಳಿದೆ. ಹೇಡಿ ಅನ್ನಿ, ಒಪ್ಪುತ್ತೇನೆ.

ಗುರುವಾರ ನಾನು ಕೆಲಸದಿಂದ ಬಂದಾಗ ಅವಳೇ ಮೇಜಿನ ಹತ್ತಿರ ನಿಂತಿದ್ದಳು. ಆ ಡಬ್ಬವನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ಇದರಲ್ಲಿ ನಾಲ್ಕು ಜನರದ್ದೂ ಬೇರೆ ಬೇರೆ ಕೇಳ್ತದಂತೆ? ನಿನ್ನ ಚಿಕ್ಕಮ್ಮ ಹೇಳಿದಳು."

"ಹೌದವ್ವ."

"ನನ್ನದೂ?"

"ಹೂಂ."

"ನೀನು ಕೇಳಿದ್ಯಾ?"

"ಇಲ್ಲ" ಅಂದೆ. ಹುಟ್ಟಿದ ಮೇಲೆ ಅವಳಿಗೆ ಎಷ್ಟೋ ಸುಳ್ಳು ಹೇಳಿದ್ದೇನೆ, ಇಷ್ಟು ಕಷ್ಟದ್ದು ಹೇಳಿರಲಿಲ್ಲ. ಅವಳು ನನ್ನನ್ನೇ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ಹಾಗಾದ್ರೆ ಕೇಳ್ಬೇಡ. ನನ್ನದನ್ನು ಸಣ್ಣ ಮಾಡಿ ಇಡು ಮಗಾ. ಯಾರಿಗೂ ಗೊತ್ತಾಗ್ಬಾರ್ದು." ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಪೂರ್ತಿ ತೆಗಿಬೇಡ. ಸ್ವಲ್ಪ ಇರಲಿ."

ಎರಡು ವರ್ಷದಿಂದ ಅವ್ವ ಈ ಮನೆಯಲ್ಲಿ ಒಬ್ಬಳೇ ಹೆದರಿಕೊಂಡು ಕೂತಿದ್ದಾಳೆ. ಒಂದೇ ಗೋಡೆಯ ಈಚೆ ಮಲಗುವ ನನಗೆ ಅದು ಕೇಳಿಸಲು ನಾಲ್ಕು ಮೈಕ್ ಬೇಕಾಯಿತೇ?