ಎರಡು ಸಲ ಎಣಿಸದ ಚಿಕ್ಕಮ್ಮ

ನನ್ನ ಚಿಕ್ಕಮ್ಮ ಆಸ್ಪತ್ರೆಯೊಂದರ ಲೈಬ್ರರಿಯನ್. ಹೀಗೆಂದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: ಆಸ್ಪತ್ರೆಯಲ್ಲಿ ಲೈಬ್ರರಿ ಯಾಕೆ, ರೋಗಿಗಳು ಮಲಗಿಕೊಂಡು ಕಾದಂಬರಿ ಓದುತ್ತಾರಾ? ಮೊದಮೊದಲು ವಿವರಿಸುತ್ತಿದ್ದೆ. ಈಗ ಹೌದು ಎಂದುಬಿಡುತ್ತೇನೆ. ಸುಮ್ಮನೆ ಕೇಳುವವರಿಗೆಲ್ಲ ಹೇಳಿ ಬಾಯಿ ನೋಯಿಸಿಕೊಳ್ಳುವ ಚಟ ನನಗಿಲ್ಲ.

ನಾನು ಆಸ್ಪತ್ರೆಯ ಗೇಟಿನ ಎದುರಿಗಿರುವ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಬುತ್ತಿ ಹಿಡಿದು ರಸ್ತೆ ದಾಟುತ್ತೇನೆ. ಎಕ್ಸ್‌ರೇ ವಿಭಾಗ ಕಳೆದು, ಮುರಿದ ಗಾಲಿಕುರ್ಚಿಗಳನ್ನು ಒಟ್ಟಿರುವ ಮೂಲೆಯಲ್ಲಿ ತಿರುಗಿದರೆ ಲೈಬ್ರರಿ. ಒಳಗೆ ಬೈಂಡು ಹಾಕಿದ ಹಳೆಯ ಪತ್ರಿಕೆಗಳ ಕಪಾಟುಗಳು, ನಾಲ್ಕಾರು ಕಂಪ್ಯೂಟರು, ಸದ್ದು ಮಾಡುವ ಏಸಿ, ಆ ಏಸಿಗೋಸ್ಕರವೇ ಬಂದು ತೂಕಡಿಸುವ ಒಬ್ಬಿಬ್ಬರು ಕಿರಿಯ ಡಾಕ್ಟರು. ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಊಟ ಮಾಡುತ್ತೇವೆ. ಅಮ್ಮ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅಪ್ಪ ಬೇಗನೇ ಬೇರೆ ಸಂಸಾರ ಹೂಡಿದ. ಅಮ್ಮನ ತಂಗಿಯಾದ ಈ ಚಿಕ್ಕಮ್ಮನೇ ನನ್ನನ್ನು ಸಾಕಿದ್ದು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಇವಳ ಜಡೆ ಹಾಕೋದ್ರಲ್ಲೇ ಹೊತ್ತು ಹೋಯ್ತು" ಎನ್ನುತ್ತಾಳೆ.

ಅಮ್ಮ ಸತ್ತದ್ದು ಬೇರೊಂದು ಊರಿನ ಆಸ್ಪತ್ರೆಯಲ್ಲಿ. ಪಿತ್ತಕೋಶದ ಕಲ್ಲು ತೆಗೆಯುವ ಆಪರೇಷನ್, ಅದು ಚೆನ್ನಾಗಿಯೇ ಆಗಿತ್ತು. ಆಮೇಲೆ ವಾಂತಿ ಬಂದ ಹಾಗಾಗುತ್ತದೆ ಎಂದಿದ್ದಕ್ಕೆ, ಎಲ್ಲರಿಗೂ ಕೊಡುವ ಒಂದು ಇಂಜೆಕ್ಷನ್ ಅವಳಿಗೂ ಕೊಟ್ಟರು. ಪಕ್ಕದಲ್ಲಿ ಕೂತಿದ್ದವಳು ಚಿಕ್ಕಮ್ಮ. ಅಮ್ಮ ಕಣ್ಣು ಬಿಟ್ಟು, "ಹಾಲು ಸೀದು ಹೋಗ್ತಿದೆ, ನೋಡೇ" ಎಂದಳಂತೆ. "ಇಲ್ಲಿ ಯಾರು ಹಾಲು ಕಾಯಿಸ್ತಾರೆ, ಸುಮ್ನೆ ಮಲ್ಕೋ ಅಕ್ಕ" ಎಂದು ಚಿಕ್ಕಮ್ಮ ಹೊದಿಕೆ ಸರಿಮಾಡಿದಳಂತೆ. ಅಷ್ಟರಲ್ಲೇ ಹೃದಯ ನಿಂತಿತು. ಆಮೇಲೆ ವಿಚಾರಿಸಲು ಬಂದ ಎಳೆಯ ಡಾಕ್ಟರಿಗೆ ಚಿಕ್ಕಮ್ಮ ಈ ಮಾತನ್ನೂ ಬಿಡದೆ ಹೇಳಿದ್ದಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ಹಾಲು ಕಾಯಿಸುವುದಿಲ್ಲ. ಡಬ್ಬದಲ್ಲಿ ಹಾಲಿನ ಪುಡಿ ಇರುತ್ತದೆ. ನೆಂಟರು ಮೂಗು ಮುರಿಯುತ್ತಾರೆ, ಮುರಿದುಕೊಳ್ಳಲಿ.

ಚಿಕ್ಕಮ್ಮನ ಕೆಲಸದ ಮಾತಿಗೆ ಬರುತ್ತೇನೆ. ಹಿಂದೆಲ್ಲ ಡಾಕ್ಟರುಗಳು ಅವಳ ಮೇಜಿನ ಮುಂದೆ ನಿಂತು, "ಸಂಜೆಯೊಳಗೆ ಎರಡು ಪೇಪರ್ ಹುಡುಕಿ ಕೊಡಿ ಮೇಡಂ, ಈ ಔಷಧ ಒಳ್ಳೇದು ಅಂತ ಹೇಳಿರೋದು" ಎನ್ನುತ್ತಿದ್ದರು. ಅವಳು ಹುಡುಕಿ ಕೊಡುತ್ತಿದ್ದಳು. ಹುಡುಕಿದರೆ ಎಲ್ಲದಕ್ಕೂ ಎರಡು ಪೇಪರು ಸಿಗುತ್ತವೆ, ಎತ್ತು ಈಯಿತು ಎನ್ನುವುದಕ್ಕೂ, ಕೊಟ್ಟಿಗೆಗೆ ಕಟ್ಟು ಎನ್ನುವುದಕ್ಕೂ. ಇದು ಅವಳಿಗೆ ಹೇಸಿಗೆ ಹುಟ್ಟಿಸಿತು. ಕೆಲಸ ಮುಗಿಸಿ ಬಂದು ಊಟದ ಮೇಜಿನ ಮೇಲೆ ಪಾಠ ಬಿಚ್ಚಿಕೊಂಡು ಕೂತು, ನಡುವಯಸ್ಸಿನಲ್ಲಿ ಪರೀಕ್ಷೆ ಕಟ್ಟಿ, ಸಿಸ್ಟಮ್ಯಾಟಿಕ್ ರಿವ್ಯೂ ಎಂಬುದನ್ನು ಕಲಿತಳು. ಆಮೇಲೆ ಸೂಪರಿಂಟೆಂಡೆಂಟರ ಬೆನ್ನು ಬಿದ್ದು, ಲೈಬ್ರರಿಯಲ್ಲಿ ಅದಕ್ಕೆಂದೇ ಒಂದು ನೆರವು ವಿಭಾಗ ತೆರೆಸಿದಳು. ವಿಭಾಗವೆಂದರೆ ಒಂದು ಮೇಜು, ಒಂದು ಬೋರ್ಡು ಮತ್ತು ಚಿಕ್ಕಮ್ಮ.

ನನಗೆ ಅವಳು ವಿವರಿಸಿದ್ದು ಇಷ್ಟು. ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಬೇಕು. ಅದರ ಬಗ್ಗೆ ಎಲ್ಲೆಲ್ಲಿ ಯಾರ್ಯಾರು ಏನು ಬರೆದಿದ್ದಾರೋ ಎಲ್ಲವನ್ನೂ ಗುಡ್ಡೆ ಹಾಕಬೇಕು. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬ ನಿಯಮವನ್ನು ಗುಡ್ಡೆ ನೋಡುವುದಕ್ಕೆ ಮೊದಲೇ ಬರೆದಿಡಬೇಕು, ನೋಡಿದ ಮೇಲೆ ಬದಲಾಯಿಸುವಂತಿಲ್ಲ. ಇಬ್ಬರು ಬೇರೆ ಬೇರೆ ಕೂತು ಓದಬೇಕು, ಒಬ್ಬರದು ಇನ್ನೊಬ್ಬರು ನೋಡಬಾರದು.

"ಕಾಳು ಆರಿಸಿದ ಹಾಗೆ ಮರಿ. ಒಂದನ್ನೂ ಬಿಡಬಾರದು, ಯಾವುದನ್ನೂ ಎರಡು ಸಲ ಎಣಿಸಬಾರದು. ಅಷ್ಟೇ ವಿದ್ಯೆ."

ಮೊದಮೊದಲು ಎಲ್ಲರೂ ನಕ್ಕರು. ಒಬ್ಬ ಸರ್ಜನ್ನು ಫೋನು ಮಾಡಿ, "ಅದೇನೋ ರಿವ್ಯೂ ಅಂತಲ್ಲ, ಒಂದು ಮಾಡಿಕೊಡಿ, ನಾಳೆ ಬೇಕು" ಎಂದರಂತೆ. ಇವಳು, "ನೀವು ಆಪರೇಷನ್ ಫೋನಲ್ಲೇ ಮಾಡ್ತೀರಾ ಸರ್?" ಎಂದಳಂತೆ. ಆ ಮಾತು ಕ್ಯಾಂಟೀನಿನವರೆಗೂ ಹೋಯಿತು. ಮಾತಿಗೆ ಹೆದರಿಯೋ ಮೆಚ್ಚಿಯೋ, ಜನ ಬರತೊಡಗಿದರು.

ಹಾಗೆ ಬಂದವರಲ್ಲಿ ಅರಿವಳಿಕೆ ವಿಭಾಗದ ಮುಖ್ಯಸ್ಥರೂ ಒಬ್ಬರು. ಲೈಬ್ರರಿಯ ಅಟೆಂಡರು ಅವರಿಗಿಟ್ಟ ಹೆಸರು ಆಮೆ ಡಾಕ್ಟರು. ನಡಿಗೆ ನಿಧಾನ, ಮಾತು ನಿಧಾನ, ಆದರೆ ಹಿಡಿದದ್ದು ಬಿಡುವವರಲ್ಲ. ಅವರ ಪ್ರಶ್ನೆ ಇದು: ಆಪರೇಷನ್ ಆದಮೇಲೆ ವಾಂತಿಗೆ ಕೊಡುವ ಇಂತಿಂಥ ಇಂಜೆಕ್ಷನ್ನಿನಿಂದ ಹೃದಯ ನಿಲ್ಲುವುದುಂಟೇ? ಅವರಿಗೆ ಒಳಗೊಳಗೆ ಅನುಮಾನವಿತ್ತು. ಸಾಕ್ಷ್ಯ ಸಿಕ್ಕರೆ ಆಸ್ಪತ್ರೆಯ ಔಷಧ ಸಮಿತಿಯ ಮುಂದಿಟ್ಟು ಅದನ್ನು ನಿಲ್ಲಿಸುವ ಯೋಚನೆ.

ಅದು ಅಮ್ಮನಿಗೆ ಕೊಟ್ಟ ಇಂಜೆಕ್ಷನ್ನೇ. ಚಿಕ್ಕಮ್ಮ ಆ ಮಾತು ಹೇಳಲಿಲ್ಲ. ಹೇಳಿದ್ದರೆ ಈ ಕೆಲಸದಿಂದ ಅವಳನ್ನು ದೂರವಿಡುತ್ತಿದ್ದರು, ಅದು ನ್ಯಾಯವೂ ಹೌದು. ಅವಳಿಗೆ ದೂರವಿರಲು ಆಗಲಿಲ್ಲ.

ಹುಡುಕಿದಾಗ ಸಾವಿರಾರು ಪೇಪರು ಬಂದವು. ಒಂದೇ ತಲೆಬರಹದವನ್ನು ಕಂಪ್ಯೂಟರೇ ತೆಗೆದುಹಾಕಿತು. ಉಳಿದದ್ದನ್ನು ಚಿಕ್ಕಮ್ಮ ಒಂದು ಕಡೆ, ಒಬ್ಬ ಕಿರಿಯ ಡಾಕ್ಟರು ಇನ್ನೊಂದು ಕಡೆ ಕೂತು ಓದಿದರು. ಕೊನೆಗೆ ಸಾವು ಸಂಭವಿಸಿದ ವರದಿಗಳು ಮೂರು ಉಳಿದವು. ಒಂದು ಯಾವುದೋ ಸಮ್ಮೇಳನದಲ್ಲಿ ಓದಿದ ಟಿಪ್ಪಣಿ. ಇನ್ನೊಂದು ಪತ್ರಿಕೆಯಲ್ಲಿ ಬಂದದ್ದು. ಮತ್ತೊಂದು, ಬೇರೆ ಊರಿನ ಡಾಕ್ಟರೊಬ್ಬರು ತಾವು ಕಂಡ ಹಲವು ರೋಗಿಗಳ ಬಗ್ಗೆ ಬರೆದದ್ದರೊಳಗಿನ ಒಂದು ಪ್ಯಾರಾ. ಬರೆದವರ ಹೆಸರು ಬೇರೆ, ಊರು ಬೇರೆ, ರೋಗಿಯ ವಯಸ್ಸಿನಲ್ಲೂ ಅಷ್ಟಿಷ್ಟು ವ್ಯತ್ಯಾಸ. ಒಂದೇ ಒಂದು ಸಂಗತಿ ಮೂರರಲ್ಲೂ ಇತ್ತು. ಮೊದಲನೆಯದರಲ್ಲಿ, ಹೃದಯ ನಿಲ್ಲುವ ಮುನ್ನ ರೋಗಿಗೆ ಸುಟ್ಟ ವಾಸನೆ ಬಂದಿತ್ತು. ಎರಡನೆಯದರಲ್ಲಿ, ಇಲ್ಲದ ವಾಸನೆಯ ಭ್ರಮೆ. ಮೂರನೆಯದರಲ್ಲಿ, ಹಾಲು ಸೀದ ವಾಸನೆ ಬರುತ್ತಿದೆ ಎಂದು ರೋಗಿ ತನ್ನ ತಂಗಿಗೆ ಹೇಳಿದಳು.

ಅವತ್ತು ನಾನು ಬುತ್ತಿ ಹಿಡಿದು ಹೋದಾಗ ಚಿಕ್ಕಮ್ಮ ಗೋಡೆಯ ಪ್ಲಗ್ಗುಗಳಿಗೆಲ್ಲ ಮೂಗು ಹಚ್ಚಿ ಮೂಸುತ್ತಿದ್ದಳು.

"ಏನೋ ಸೀದ ವಾಸನೆ. ನಿನಗೆ ಬರ್ತಿಲ್ವಾ?"

ನನಗೆ ಏನೂ ಬರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಏಸಿ ಬಿಚ್ಚಿ ನೋಡಿದ. "ಎಲ್ಲ ಸರಿ ಇದೆಯಮ್ಮ" ಎಂದು ಹೋದ. ಮರುದಿನವೂ ಕರೆಸಿದಳು. ಮೂರನೇ ಸಲ ಕರೆದಾಗ ಅವನು ಬರಲೇ ಇಲ್ಲ. ಮನೆಯಲ್ಲಿ ಅವಳು ಒಲೆಯ ಮುಂದೆ ಹೋಗಿ ನಿಲ್ಲುವಳು, ಆರಿದ ಒಲೆಯನ್ನೇ ಮತ್ತೆ ಆರಿಸುವಳು. ನನಗೆ ಭಯವಾಯಿತು. ಏನಾಗಿದೆ ಹೇಳು ಎಂದು ಹಟ ಹಿಡಿದ ಮೇಲೆ, ಮೂರು ಹಾಳೆ ತಂದು ನನ್ನ ಮುಂದಿಟ್ಟಳು.

ಓದಿದೆ. ತಂಗಿಗೆ ಹೇಳಿದಳು ಎಂಬಲ್ಲಿ ನಿಂತೆ. ಇಷ್ಟು ವರ್ಷ ನನ್ನ ಅಮ್ಮ ಎಲ್ಲೋ ಗುರುತಿಲ್ಲದ ಹಾಳೆಗಳಲ್ಲಿ ಮತ್ತೆ ಮತ್ತೆ ಸಾಯುತ್ತ ಇದ್ದಳು. ನಮಗೆ ಗೊತ್ತೇ ಇರಲಿಲ್ಲ.

"ಆ ಎಳೆಯ ಡಾಕ್ಟ್ರು ಸಮ್ಮೇಳನದಲ್ಲಿ ಹೇಳಿರಬೇಕು. ಅವರ ಗುರುಗಳು ಪತ್ರಿಕೆಗೆ ಬರೆದ್ರು. ಆಗ ಅಲ್ಲೇ ಇದ್ದ ಇನ್ನೊಬ್ರು ಡಾಕ್ಟ್ರು ಆಮೇಲೆ ಬೇರೆ ಊರಿಗೆ ಹೋಗಿ ಅಲ್ಲಿಂದ ಇನ್ನೊಂದ್ಸಲ ಬರೆದ್ರು," ಎಂದಳು ಚಿಕ್ಕಮ್ಮ. "ಯಾರೂ ಸುಳ್ಳು ಹೇಳಿಲ್ಲ. ಆದ್ರೆ ಮೂರೂ ಅಕ್ಕನೇ."

"ಆಮೆ ಡಾಕ್ಟರಿಗೆ ಗೊತ್ತಾ?"

"ಇಲ್ಲ. ಮೂರು ಜನ ಸತ್ತಿದ್ದಾರೆ, ಮೂವರಿಗೂ ಮೊದಲು ವಾಸನೆ ಬಂದಿದೆ, ಇದೇ ಮುನ್ಸೂಚನೆ ಅಂತ ಕುಣೀತಿದ್ದಾರೆ. ಸಮಿತಿ ಒಪ್ಪೋದು ಖಂಡಿತ ಅಂತಾರೆ."

"ಹಾಗಾದ್ರೆ ಸುಮ್ನಿರು," ಎಂದೆ. ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ, ಈಗಲೂ ಅದಕ್ಕೆ ನಾಚಿಕೆಯಿಲ್ಲ. "ಮೂರೇ ಇರ್ಲಿ. ಆ ಇಂಜೆಕ್ಷನ್ ನಿಲ್ಲುತ್ತೆ. ಅಮ್ಮ ಸತ್ತಿದ್ದಕ್ಕೆ ಅಷ್ಟಾದ್ರೂ ಆಗ್ಲಿ. ನಿನಗಲ್ಲದೆ ಇನ್ಯಾರಿಗೂ ಗೊತ್ತಾಗಲ್ಲ."

ಅನುಮಾನ ಬಂದಾಗ ಬರೆದವರಿಗೇ ಪತ್ರ ಹಾಕಿ ಕೇಳಬೇಕೆಂಬುದು ಅವಳೇ ಹಾಕಿದ ನಿಯಮ. ಆದರೆ ಅನುಮಾನ ಬಂದದ್ದು ಅವಳಿಗೆ ಮಾತ್ರ. ಕೇಳದಿದ್ದರೆ ಆಯಿತಲ್ಲ. ನನ್ನ ಅಂಗಡಿಗೆ ಒಂದು ದೀಪ ಮೂರಾಗಿ ಕಾಣುತ್ತದೆ ಎಂದು ಜನ ಬರುತ್ತಾರೆ, ಅವರಿಗೆ ಸರಿಯಾದ ಕನ್ನಡಕ ಕೊಡುವುದು ನನ್ನ ಕೆಲಸ. ಅವತ್ತು ಮಾತ್ರ, ಕನ್ನಡಕ ಹಾಕಬೇಡ ಚಿಕ್ಕಮ್ಮ ಎಂದು ಗೋಗರೆದೆ.

ಅವಳು ಮೂರೂ ಹಾಳೆಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಹೇಳಿದಳು.

"ನಾಳೆ ನರ್ಸುಗಳಿಗೆ ಕಲಿಸ್ತಾರೆ, ವಾಸನೆ ಬರ್ತಿದೆಯಾ ಅಂತ ಕೇಳಿ, ಇಲ್ಲ ಅಂದ್ರೆ ಭಯ ಇಲ್ಲ ಅಂತ. ಬೇರೆ ಆಸ್ಪತ್ರೆಗಳೂ ಇದನ್ನೇ ಓದ್ತವೆ. ವಾಸನೆ ಬರದೇನೇ ಯಾರಾದ್ರೂ ಸತ್ರೆ? ಇನ್ನೊಂದು ಹೇಳ್ತೀನಿ. ಎಲ್ಲೋ ನನ್ನಂಥವಳು ಇನ್ನೊಬ್ಬಳು ಕೂತು, ಮೂರೂ ಒಂದೇ ಅಂತ ಒಂದಿನ ಕಂಡುಹಿಡೀತಾಳೆ. ಅವತ್ತು ಆ ಒಂದನ್ನೂ ಯಾರೂ ನಂಬಲ್ಲ. ಅಕ್ಕ ಸತ್ತೇ ಇಲ್ಲ ಅನ್ನೋ ಹಾಗಾಗುತ್ತೆ."

"ಅಷ್ಟೇನಾ?" ಎಂದೆ. ಅಷ್ಟೇ ಅಲ್ಲವೆಂದು ಅವಳ ಮುಖದಲ್ಲಿತ್ತು.

"ಮೂರಾದ್ರೆ ಅದು ಮುನ್ಸೂಚನೆ. ಅಕ್ಕ ನನಗೆ ಹೇಳಿದ್ಲು, ನಾನು ಸುಮ್ನೆ ಮಲ್ಕೋ ಅಂದೆ, ನರ್ಸನ್ನ ಕರೀಲಿಲ್ಲ. ತಪ್ಪು ನನ್ನದೇ ಅಂತ ತೀರ್ಮಾನ ಆಗುತ್ತೆ. ಒಂದಾದ್ರೆ ತೀರ್ಮಾನವೇ ಇಲ್ಲ, ಸಾಯೋವರೆಗೂ ಗೊತ್ತಾಗಲ್ಲ." ಹಾಳೆಗಳನ್ನು ಜೋಡಿಸಿದಳು. "ಸತ್ಯ ಹೇಳ್ತೀನಿ ಮರಿ, ನನಗೆ ಮೂರೇ ಬೇಕಿತ್ತು."

ಇಷ್ಟು ಹೇಳಿದವಳು ಮರುದಿನ ಬೆಳಿಗ್ಗೆ ಮೂವರಿಗೂ ಪತ್ರ ಕಳಿಸಿದಳು. ಇಬ್ಬರಿಂದ ಉತ್ತರ ಬಂತು: ಹೌದು, ಮೂರರಲ್ಲೂ ಅದೇ ಆಸ್ಪತ್ರೆ, ಅದೇ ರೋಗಿ. ಅವಳು ಉತ್ತರಗಳನ್ನು ಹಿಡಿದು ಆಮೆ ಡಾಕ್ಟರ ಕೋಣೆಗೆ ಹೋಗುವಾಗ ನಾನೂ ಹಿಂದೆ ಹೋದೆ. ಬಾಗಿಲಲ್ಲಿ ನಿಂತೆ, ನನ್ನನ್ನು ಯಾರೂ ಹೋಗು ಎನ್ನಲಿಲ್ಲ.

ಅವರು ಎರಡು ಸಲ ಓದಿದರು. "ತಲೆಬರಹ ಬೇರೆ, ಬರೆದವರು ಬೇರೆ. ಒಂದೇ ಅಂತ ನಿಮಗೆ ಹೇಗೆ ಅನ್ನಿಸ್ತು ಮೇಡಂ?"

"ಆ ತಂಗಿ ನಾನೇ ಸರ್."

ಆಮೆ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಈ ಕೆಲಸ ನನಗೆ ಬಿಡ್ತಿದ್ರಾ?"

"ಇಲ್ಲ."

"ಅದಕ್ಕೇ ಹೇಳಲಿಲ್ಲ. ಅದು ತಪ್ಪು ಸರ್. ನಾನು ಆರಿಸಿದ್ದನ್ನೆಲ್ಲ ಇನ್ನೊಬ್ಬರ ಕೈಲಿ ಮತ್ತೆ ಆರಿಸಿ."

ಅವರು ಹಾಗೆಯೇ ಮಾಡಿದರು. ತಿಂಗಳುಗಟ್ಟಲೆ ಕೆಲಸ ಮತ್ತೆ ಮೊದಲಿಂದ ನಡೆಯಿತು, ಬೇರೆ ಲೈಬ್ರರಿಯವರ ಕೈಯಲ್ಲಿ. ಕೊನೆಗೆ ಬಂದ ಉತ್ತರ ಬದಲಾಗಲಿಲ್ಲ: ಒಂದು ಸಾವು ವರದಿಯಾಗಿದೆ, ಅದಕ್ಕೆ ಈ ಔಷಧವೇ ಕಾರಣ ಎನ್ನಲೂ ಅಲ್ಲ ಎನ್ನಲೂ ಸಾಕ್ಷ್ಯ ಸಾಲದು. ಸಮಿತಿ ಇಂಜೆಕ್ಷನ್ ನಿಲ್ಲಿಸಲಿಲ್ಲ. ಕೊಟ್ಟಮೇಲೆ ಸ್ವಲ್ಪ ಹೊತ್ತು ರೋಗಿಯ ಪಕ್ಕದಲ್ಲೇ ಇರಿ ಎಂದು ನರ್ಸುಗಳಿಗೆ ಹೇಳಿತು, ಅಷ್ಟೆ. ನಾನು ಒಂದು ವಾರ ಚಿಕ್ಕಮ್ಮನ ಜೊತೆ ಊಟಕ್ಕೆ ಹೋಗಲಿಲ್ಲ. ಮೂರು ಸಾವಿನಲ್ಲಿ ಎರಡನ್ನು ಅಳಿಸಿದವಳ ಎದುರು ಕೂತು ತುತ್ತು ಇಳಿಯುವುದು ಹೇಗೆ? ಎಂಟನೇ ದಿನ ಹಸಿವಾಯಿತು, ಹೋದೆ. ಆ ವಾರವೆಲ್ಲ ಅವಳೇ ಇಬ್ಬರಿಗೂ ಬುತ್ತಿ ತಂದು, ನನ್ನ ಪಾಲಿನದನ್ನು ದಿನಾ ತೆಗೆದಿಟ್ಟು ಅಟೆಂಡರಿಗೆ ಕೊಡುತ್ತಿದ್ದಳಂತೆ.

ಈಗ ಅವಳ ವಿಭಾಗಕ್ಕೆ ಎರಡು ಮೇಜು, ಇಬ್ಬರು ಸಹಾಯಕರು. ಕೆಲಸ ಹಿಡಿಯುವ ಮೊದಲು ಪ್ರತಿಯೊಬ್ಬರನ್ನೂ ಒಂದು ಮಾತು ಕೇಳುವುದು ಕಡ್ಡಾಯ: ಈ ಪ್ರಶ್ನೆಯಲ್ಲಿ ನಿಮ್ಮವರು ಯಾರಾದರೂ ಇದ್ದಾರಾ? ಆ ನಿಯಮ ಅವಳೇ ತಂದದ್ದು. ವಾಸನೆ ಹೋಗಿದೆಯಾ ಎಂದು ನಾನು ಕೇಳುವುದಿಲ್ಲ. ಊಟದ ನಡುವೆ ಒಮ್ಮೊಮ್ಮೆ ಅವಳ ಕೈ ನಿಲ್ಲುತ್ತದೆ, ಮೂಗು ಸ್ವಲ್ಪ ಮೇಲಾಗುತ್ತದೆ, ಮತ್ತೆ ಊಟ ಮುಂದುವರಿಸುತ್ತಾಳೆ.

ಒಂದು ಹುಡುಕಾಟವನ್ನು ಮಾತ್ರ ಅವಳು ಮುಚ್ಚಿಲ್ಲ. ಆ ಇಂಜೆಕ್ಷನ್ನಿನ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಹೊಸದಾಗಿ ಏನು ಬರೆದರೂ ತಿಂಗಳಿಗೊಮ್ಮೆ ಅವಳ ಕಂಪ್ಯೂಟರಿಗೆ ಬರುತ್ತದೆ. ಇನ್ನೊಬ್ಬಳು ಸತ್ತರೆ ತನಗೆ ಗೊತ್ತಾಗಬೇಕು ಎನ್ನುತ್ತಾಳೆ. ಸಾಯದಿರಲಿ ಎಂದೂ ಬೇಡುತ್ತಾಳೆ, ಸತ್ತರೆ ಅಕ್ಕನ ಸಾವಿಗೆ ಅರ್ಥ ಸಿಗುತ್ತದೆಂಬ ಆಸೆಗೆ ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ಬಹಳ ಸಲ ಏನೂ ಬರುವುದಿಲ್ಲ.

ಹೋದ ತಿಂಗಳು ಬಂತು. ನಾನು ಅಲ್ಲೇ ಇದ್ದೆ. ಇಂಜೆಕ್ಷನ್, ಹೃದಯಸ್ತಂಭನ, ಸಾವು, ಎಲ್ಲ ಪದಗಳೂ ಇದ್ದವು. ಯಾವುದೋ ದೂರದೇಶದ ಹೊಸ ವೈದ್ಯಕೀಯ ಪುಸ್ತಕದ ಒಂದು ಅಧ್ಯಾಯ. ಪುಟ ಸರಿಸುತ್ತ ಹೋದಳು. ಪಿತ್ತಕೋಶದ ಆಪರೇಷನ್ ಆದ ಮಹಿಳೆ. ಹಾಲು ಸೀದ ವಾಸನೆ.

"ಬಂದ್ಯಾ ಅಕ್ಕ," ಎಂದಳು ಚಿಕ್ಕಮ್ಮ, ಹೊರಗಿನಿಂದ ಬಂದವರನ್ನು ಕೇಳುವ ಹಾಗೆ.

ಪರದೆಯ ಮೂಲೆಯಲ್ಲಿ, ಇದು ಮೊದಲೇ ಎಣಿಸಿದ್ದು ಎಂದು ಗುರುತು ಹಾಕುವ ಗುಂಡಿ ಇತ್ತು. ಅವಳು ಕೈಯನ್ನು ಅಲ್ಲಿಗೆ ಒಯ್ದಳು, ಒತ್ತಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.

"ಎರಡು ಸಲ ಎಣಿಸಬಾರದು ಮರಿ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಬಿಡಲೂ ಬಾರದು" ಎಂದಳು.

ಲೈಬ್ರರಿ ಮುಚ್ಚುವವರೆಗೂ ಅಮ್ಮ ಆ ಪರದೆಯ ಮೇಲೆ ನಮ್ಮಿಬ್ಬರ ಜೊತೆ ಇದ್ದಳು. ಆಮೇಲೆ ಚಿಕ್ಕಮ್ಮ ಗುಂಡಿ ಒತ್ತಿದಳು.